ವಾಹನ ಪ್ರಶ್ನೋತ್ತರ: ಹಳೆ ಕಾರು, ರೇಡಿಯೇಟರ್, ಪ್ರೆಶರ್

ಎಂಜಿನ್ ಬಿಸಿಯಾಗುತ್ತಿದೆ, ನೀರು ಉಕ್ಕುತ್ತಿದೆ, ಹೋಸ್ ಗಟ್ಟಿಯಾಗುತ್ತಿದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇದೇ ದೂರಿನವು. ಐದನ್ನು ಆರಿಸಿಕೊಂಡಿದ್ದೇವೆ.

ನನ್ನದು 1997ರ ಮಾರುತಿ 800, ಕಾರ್ಬ್ಯುರೇಟರ್ ಮಾದರಿ. ಊರೊಳಗೆ ಓಡಿಸಿದರೆ ಏನೂ ತೊಂದರೆ ಇಲ್ಲ. ಉಜಿರೆ ಬಿಟ್ಟು ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ಮುಟ್ಟುವಷ್ಟರಲ್ಲಿ ರಿಸರ್ವ್ ಬಾಟಲ್ ತುಂಬಿ ಚೆಲ್ಲುತ್ತದೆ. ತಣ್ಣಗಾದ ಮೇಲೆ ನೋಡಿದರೆ ಬಾಟಲ್ ತುಂಬಾ ನೀರು, ರೇಡಿಯೇಟರಿನಲ್ಲಿ ಕಡಿಮೆ. ಹೊಸ ಕ್ಯಾಪ್ ಹಾಕಿಸಿದರೂ ಹಾಗೇ ಇದೆ. ಮೆಕ್ಯಾನಿಕ್ ನೋಡಿದ ಕೂಡಲೇ "ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಬೇಕು" ಅಂದರು. ಇಳಿಸುವ ಮೊದಲು ಖಾತ್ರಿ ಮಾಡಿಕೊಳ್ಳುವುದು ಹೇಗೆ?
ಓದುಗರು, ಬೆಳ್ತಂಗಡಿ

ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿಯಿರಬಹುದು. ಆದರೆ ನೋಡಿದ ಕೂಡಲೇ ಹೇಳುವಂಥ ದೋಷ ಇದಲ್ಲ. ನೀವು ಕೊಟ್ಟಿರುವ ಲಕ್ಷಣಗಳೇ ಕ್ಯಾಪಿನ ದೋಷಕ್ಕೂ ಹೊಂದುತ್ತವೆ, ಓವರ್‌ಫ್ಲೋ ಪೈಪ್ ಒಡೆದಿದ್ದರೂ ಹೊಂದುತ್ತವೆ, ಸಿಲಿಂಡರುಗಳ ಮುಚ್ಚಳವಾದ ಹೆಡ್ಡಿನಡಿ ಸೀಲಿನಂತೆ ಕೂರುವ ಗ್ಯಾಸ್ಕೆಟ್ಟಿಗೂ ಹೊಂದುತ್ತವೆ. ಬೇರ್ಪಡಿಸಬೇಕೆಂದರೆ ಪ್ರೆಶರ್ ಎಷ್ಟು ಬಂತು ಅನ್ನುವುದಕ್ಕಿಂತ ಯಾವಾಗ ಬಂತು ಅನ್ನುವುದನ್ನು ಗಮನಿಸಬೇಕು.

ಸರಿಯಿರುವ ಎಂಜಿನ್ನಿನಲ್ಲಿ ಪ್ರೆಶರ್ ಹುಟ್ಟುವುದು ಬಿಸಿಯಿಂದ ಮಾತ್ರ. ಬೆಳಗ್ಗೆ 20 ಡಿಗ್ರಿ ಇದ್ದ ನೀರು 90 ಡಿಗ್ರಿಗೆ ಏರಿದಾಗ ನೂರಕ್ಕೆ ಮೂರೂವರೆ ಪಾಲಿನಷ್ಟು ಹಿಗ್ಗುತ್ತದೆ, ಅರ್ಧಕ್ಕರ್ಧ ಕೂಲಂಟ್ ಬೆರೆಸಿದ್ದರೆ ಇನ್ನೂ ಸ್ವಲ್ಪ ಜಾಸ್ತಿ. ನಾಲ್ಕು ಲೀಟರ್ ಹಿಡಿಯುವ ಸಣ್ಣ ಕಾರಿನ ಲೆಕ್ಕ ಹಿಡಿದರೆ ಅದು 140ರಿಂದ 180 ಮಿಲಿಲೀಟರ್, ಅಂದರೆ ಒಂದು ಲೋಟಕ್ಕೂ ಕಡಿಮೆ. ಅಷ್ಟು ನೀರು ಬಾಟಲಿಗೆ ಹೋಗಿ, ತಣ್ಣಗಾದಾಗ ಹಿಂದಕ್ಕೆ ಬರಬೇಕು. ಬಾಟಲ್ ತುಂಬಿ ಚೆಲ್ಲುವಷ್ಟು ನೀರು ಹೋಗಿದೆ ಎಂದರೆ ರೇಡಿಯೇಟರಿನೊಳಗೆ ಆ ಜಾಗವನ್ನು ಬೇರೇನೋ ಹಿಡಿದಿದೆ. ಅದು ಕುದ್ದ ಹಬೆ ಇರಬಹುದು, ಇಲ್ಲವೇ ಸಿಲಿಂಡರಿನಿಂದ ನುಗ್ಗಿದ ಗ್ಯಾಸ್ ಇರಬಹುದು.

ಮೊದಲ ಪರೀಕ್ಷೆಗೆ ಸಲಕರಣೆ ಬೇಡ. ರಾತ್ರಿಯಿಡೀ ನಿಂತ ಕಾರು, ಬೆಳಗಿನ ಹೊತ್ತು. ಕ್ಯಾಪ್ ತೆಗೆದು ಕತ್ತಿನವರೆಗೆ ನೀರು ತುಂಬಿ, ಕ್ಯಾಪ್ ಭದ್ರವಾಗಿ ಹಾಕಿ. ಎಂಜಿನ್ನಿನಿಂದ ರೇಡಿಯೇಟರಿನ ಮೇಲ್ಭಾಗಕ್ಕೆ ಬರುವ ಟಾಪ್ ಹೋಸನ್ನು ಹಿಸುಕಿ ನೋಡಿಕೊಳ್ಳಿ, ಮೆತ್ತಗಿರುತ್ತದೆ. ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಿ. ಒಂದು ನಿಮಿಷ ಕಳೆದ ಮೇಲೆ, ಬಾನೆಟ್ ಕೆಳಗೆ ಇನ್ನೂ ಬಿಸಿ ತಾಗದಿರುವಾಗಲೇ ಮತ್ತೆ ಹಿಸುಕಿ. ಆಗಲೇ ಹೋಸ್ ಉಬ್ಬಿ ಗಟ್ಟಿಯಾಗಿದ್ದರೆ ಅದು ಬಿಸಿಯ ಪ್ರೆಶರ್ ಅಲ್ಲ, ಏಕೆಂದರೆ ನೀರು ಇನ್ನೂ ಕಾದೇ ಇಲ್ಲ. ಸಿಲಿಂಡರಿನ ಗ್ಯಾಸ್ ನೀರಿನ ದಾರಿಗೆ ನುಗ್ಗುತ್ತಿದೆ. ಹತ್ತು-ಹನ್ನೆರಡು ನಿಮಿಷವಾಗಿ, ನೀರು ಕಾದಾಗ ರೇಡಿಯೇಟರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ತೆರೆದ ಮೇಲೆ ಹೋಸ್ ಗಟ್ಟಿಯಾದರೆ ಅದು ಸಹಜ. ಇನ್ನೊಂದು ಗುರುತು ಮರುದಿನ ಬೆಳಗ್ಗೆ ಸಿಗುತ್ತದೆ. ಪೂರ್ತಿ ತಣ್ಣಗಾದ ಎಂಜಿನ್ನಿನ ಹೋಸ್ ಇನ್ನೂ ಬಿಗಿಯಾಗಿದ್ದು, ಕ್ಯಾಪ್ ತಿರುಗಿಸಿದಾಗ 'ಬುಸ್' ಎಂದು ಗಾಳಿ ಹೊರಟರೆ ಒಳಗೆ ಗ್ಯಾಸ್ ಉಳಿದಿದೆ ಎಂದೇ ಅರ್ಥ. ಹಬೆಯಾಗಿದ್ದರೆ ತಣಿದು ನೀರಾಗುತ್ತಿತ್ತು, ಪ್ರೆಶರ್ ಇಳಿಯುತ್ತಿತ್ತು.

ಎರಡನೆಯದಕ್ಕೆ ಪ್ರೆಶರ್ ಟೆಸ್ಟರ್ ಬೇಕು. ಗೇಜ್ ಇರುವ ಕೈಪಂಪು ಅದು, ರೇಡಿಯೇಟರ್ ಕತ್ತಿಗೆ ಕ್ಯಾಪಿನ ಬದಲು ಕೂರುತ್ತದೆ. ನಿಮ್ಮ ಗ್ಯಾರೇಜಿನಲ್ಲಿ ಇಲ್ಲದಿದ್ದರೆ ರೇಡಿಯೇಟರ್ ರಿಪೇರಿ ಅಂಗಡಿಯಲ್ಲಿ ಕೇಳಿ. ಕ್ಯಾಪಿನ ಮೇಲೆ 0.9 ಎಂದು ಬರೆದಿದ್ದರೆ ಅದು ಚದರ ಸೆಂಟಿಮೀಟರಿಗೆ 0.9 ಕೆಜಿ, ಪೌಂಡ್ ಲೆಕ್ಕದಲ್ಲಿ ಸುಮಾರು 13. ತಣ್ಣಗಿರುವ ಎಂಜಿನ್ನಿಗೆ ಅಷ್ಟೇ ಪ್ರೆಶರ್ ಕೊಟ್ಟು 15 ನಿಮಿಷ ಬಿಡಿ. ಮುಳ್ಳು ಅಲ್ಲಾಡದಿದ್ದರೆ ಹೊರಗಿನ ಸೋರಿಕೆ ಇಲ್ಲ. ಇಳಿದರೆ ಟಾರ್ಚ್ ಹಿಡಿದು ಹುಡುಕಿ: ಹೋಸ್ ಕ್ಲ್ಯಾಂಪುಗಳು, ರೇಡಿಯೇಟರ್ ಟ್ಯಾಂಕಿನ ಅಂಚು, ವಾಟರ್ ಪಂಪಿನ ಕೆಳಗಿನ ಸಣ್ಣ ತೂತು. ಆ ತೂತಿನ ಸುತ್ತ ಹಸಿರೋ ತುಕ್ಕಿನ ಬಣ್ಣವೋ ಒಣಗಿ ಹೆಪ್ಪುಗಟ್ಟಿದ್ದರೆ ಪಂಪಿನ ಸೀಲ್ ಹೋಗಿದೆ. ಎಲ್ಲೂ ಹನಿ ಕಾಣದೆ ಮುಳ್ಳು ಇಳಿಯುತ್ತಿದ್ದರೆ ನೀರು ಎಂಜಿನ್ನಿನ ಒಳಗೋ ಹೀಟರಿಗೋ ಹೋಗುತ್ತಿದೆ.

ಈಗ ಟೆಸ್ಟರ್ ಹಾಗೇ ಇರಲಿ, ಪ್ರೆಶರನ್ನು ಅರ್ಧಕ್ಕೆ ಇಳಿಸಿ ಎಂಜಿನ್ ಸ್ಟಾರ್ಟ್ ಮಾಡಿ. ಎಷ್ಟೋ ಮೆಕ್ಯಾನಿಕ್‌ಗಳು ಬಿಟ್ಟುಬಿಡುವ ಹಂತ ಇದು, ಎಲ್ಲಕ್ಕಿಂತ ಹೆಚ್ಚು ವಿಷಯ ಹೇಳುವುದೂ ಇದೇ. ಮುಳ್ಳು ಸರಸರನೆ ಏರಿದರೆ ಕೂಡಲೇ ಆಫ್ ಮಾಡಿ, 0.9 ದಾಟಲು ಬಿಡಬೇಡಿ. ಏರದೆ, ಎಂಜಿನ್ನಿನ ತಾಳಕ್ಕೆ ಸರಿಯಾಗಿ ಸಣ್ಣಗೆ ನಡುಗುತ್ತಿದ್ದರೆ ಒಂದು ಸಿಲಿಂಡರಿನ ಸೋರಿಕೆ ಎಂದು ತಿಳಿಯಿರಿ. ಯಾವುದು ಎಂದು ಪತ್ತೆ ಮಾಡಲು ಒಂದೊಂದೇ ಪ್ಲಗ್ ವೈರ್ ಬಿಡಿಸಿ ನೋಡಬೇಕು. ಬಿಡಿಸಿದ ವೈರನ್ನು ಬಾಡಿಗೆ ಅರ್ತ್ ಮಾಡಿ, ಗಾಳಿಯಲ್ಲಿ ಬಿಟ್ಟರೆ ಕಾಯಿಲ್ ಕೆಡುತ್ತದೆ, ನಿಮಗೂ ಶಾಕ್ ಹೊಡೆಯುತ್ತದೆ. ಯಾವ ಸಿಲಿಂಡರ್ ನಿಂತಾಗ ಮುಳ್ಳಿನ ನಡುಕ ನಿಲ್ಲುತ್ತದೋ ಸೋರಿಕೆ ಅಲ್ಲಿದೆ. ಮೂರೇ ಸಿಲಿಂಡರ್ ಆದ್ದರಿಂದ ಇದು ಬೇಗ ಮುಗಿಯುವ ಕೆಲಸ, ಆದರೂ ಪ್ರತಿ ಸಲ ಕೆಲವೇ ಸೆಕೆಂಡ್ ಸಾಕು. ಸೈಲೆನ್ಸರಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಉರಿಯದ ಪೆಟ್ರೋಲ್ ಅಲ್ಲಿ ಸೇರಿ ಅದನ್ನು ಕೆಡಿಸುತ್ತದೆ. ಆ ಸಿಲಿಂಡರಿನ ಪ್ಲಗ್ ಬಿಚ್ಚಿ ನೋಡಿ. ಉಳಿದೆರಡು ಕಂದು ಬಣ್ಣದಲ್ಲಿದ್ದು ಇದೊಂದು ತೊಳೆದಿಟ್ಟಂತೆ ಬೆಳ್ಳಗಿದ್ದರೆ ಅಲ್ಲಿ ನೀರು ಹಬೆಯಾಗಿ ಉರಿದಿದೆ.

ಕೊನೆಯ ಮುದ್ರೆ ಒತ್ತುವುದು ಬ್ಲಾಕ್ ಟೆಸ್ಟರ್. ನೀಲಿ ದ್ರಾವಣ ತುಂಬಿದ ಗಾಜಿನ ಕೊಳವೆ ಅದು. ರೇಡಿಯೇಟರಿನ ಬಾಯಿಗೆ ಹಿಡಿದು, ಎಂಜಿನ್ ಓಡುತ್ತಿರುವಾಗ ಒಳಗಿನ ಗಾಳಿಯನ್ನು ಆ ದ್ರಾವಣದ ಮೂಲಕ ಎಳೆಯಬೇಕು. ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಹಳದಿಯಾಗುತ್ತದೆ. ಮೊದಲು ರೇಡಿಯೇಟರಿನ ನೀರನ್ನು ಎರಡು ಇಂಚು ಕೆಳಗಿಳಿಸಿ, ಕೂಲಂಟ್ ಕೊಳವೆಯೊಳಗೆ ಸೇರಿದರೆ ಪರೀಕ್ಷೆ ಕೆಟ್ಟಂತೆ.

ಆಯಿಲ್ ಹಾಕುವ ಮುಚ್ಚಳದ ಕೆಳಗೆ ಬಿಳಿ ನೊರೆ ಕಂಡಿತು ಎಂದ ಮಾತ್ರಕ್ಕೆ ಗ್ಯಾಸ್ಕೆಟ್ ತೀರ್ಪು ಕೊಡಬೇಡಿ. ದಿನಕ್ಕೆ ಎರಡು-ಮೂರು ಕಿಲೋಮೀಟರ್ ಓಡಿಸುವ ಕಾರುಗಳಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಆವಿ ತಣಿದು ಹಾಗಾಗುತ್ತದೆ. ಡಿಪ್‌ಸ್ಟಿಕ್‌ನ ಆಯಿಲೇ ಹಾಲು ಬೆರೆತಂತಿದ್ದರೆ ಮಾತು ಬೇರೆ.

ಮೇಲಿನ ಪರೀಕ್ಷೆಗಳೆಲ್ಲ ಸರಿ ಬಂದರೆ ಘಾಟಿಯ ತೊಂದರೆಗೆ ರೇಡಿಯೇಟರ್ ಕಟ್ಟಿಕೊಂಡಿರುವುದೇ ಕಾರಣವಿರಬಹುದು. ಟ್ರಾಫಿಕ್ಕಿನಲ್ಲಿ ನಿಂತಾಗ ಬಿಸಿಯಾಗಿ ಹೆದ್ದಾರಿಯಲ್ಲಿ ಸರಿಹೋಗುವ ಕಾರಿಗೆ ಫ್ಯಾನ್ ಅಥವಾ ಫ್ಯಾನ್ ಸ್ವಿಚ್ ದೋಷ. ಊರಲ್ಲಿ ಸರಿಯಿದ್ದು ಏರಿನಲ್ಲಿ ಬಿಸಿಯಾದರೆ ರೇಡಿಯೇಟರ್ ಕಡೆಗೆ ನೋಡಿ. ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ಫ್ಯಾನಿನ ವೈರ್ ಕಿತ್ತು, ರೇಡಿಯೇಟರಿನ ಕೋರ್ (ಜಾಲರಿಯಂಥ ಭಾಗ) ಮೇಲೆ ಅಂಗೈ ಹತ್ತಿರ ತಂದು ಸರಿಸುತ್ತಾ ಹೋಗಿ. ನಡುನಡುವೆ ತಣ್ಣನೆಯ ಪಟ್ಟಿಗಳು ಸಿಕ್ಕರೆ ಅಲ್ಲಿ ಟ್ಯೂಬ್ ಕಟ್ಟಿದೆ.

ಹೆಡ್ ಇಳಿಸಲೇಬೇಕಾಗಿ ಬಂದರೆ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಲು ಬಿಡಬೇಡಿ. ಸ್ಟ್ರೇಟ್ ಎಡ್ಜ್ ಇಟ್ಟು ಫೀಲರ್ ಗೇಜಿನಿಂದ ಅಳೆಸಿ. 0.05 ಮಿಲಿಮೀಟರಿನ ಎಲೆ ಎಲ್ಲಾದರೂ ಸಲೀಸಾಗಿ ನುಸುಳಿದರೆ ಫೇಸಿಂಗ್, ಅಂದರೆ ಹೆಡ್ಡಿನ ಮೈಯನ್ನು ಉಜ್ಜಿ ಸಮಮಾಡಿಸುವುದು, ಬೇಕು. ಹೆಡ್ಡಿನಲ್ಲಿ ಬಿರುಕಿದೆಯೇ ಎಂದು ಪ್ರೆಶರ್ ಹಾಕಿಯೂ ನೋಡಿಸಿ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು-ಮೂರು ಹಂತದಲ್ಲಿ, ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಕೈ ಅಂದಾಜು ಇಲ್ಲಿ ನಡೆಯುವುದಿಲ್ಲ.

ಝೆನ್ ಕಾರು, 2001ರದು. ರಾತ್ರಿ ನಿಲ್ಲಿಸಿ ಬೆಳಗ್ಗೆ ಬಾನೆಟ್ ಎತ್ತಿದರೆ ಮೇಲಿನ ಹೋಸ್ ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ. ಹೋಸ್ ಬದಲಿಸಿದೆ, ಹೊಸದೂ ಹಾಗೇ ಆಯಿತು. ಬಿಸಿಯೇನೂ ಆಗುವುದಿಲ್ಲ. ಹಾಗೇ ಬಿಡಬಹುದೇ?
ಓದುಗರು, ಮೈಸೂರು

ಬಿಡಬೇಡಿ, ಆದರೆ ಹೆದರಬೇಕಾದ್ದೂ ಇಲ್ಲ. ತಪ್ಪು ಹೋಸಿನದಲ್ಲ.

ಕ್ಯಾಪಿನಲ್ಲಿ ಎರಡು ವಾಲ್ವ್ ಇವೆ. ದೊಡ್ಡ ಸ್ಪ್ರಿಂಗಿನದು ಪ್ರೆಶರ್ ಜಾಸ್ತಿಯಾದಾಗ ನೀರನ್ನು ಬಾಟಲಿಗೆ ಬಿಡುತ್ತದೆ. ಅದರ ನಟ್ಟನಡುವೆ ಗುಂಡಿಯಷ್ಟಿರುವ ಚಿಕ್ಕ ತಗಡು ಎರಡನೆಯದು. ಎಂಜಿನ್ ತಣಿದು ಒಳಗೆ ನಿರ್ವಾತ ಆದಾಗ ಅದು ತೆರೆದು, ಬಾಟಲಿನ ನೀರು ಹಿಂದಕ್ಕೆ ಬರುತ್ತದೆ. ನಿಮ್ಮ ಕಾರಿನಲ್ಲಿ ಇದು ಅಂಟಿಕೊಂಡಿರಬೇಕು. ನೀರು ಬಾರದೆ ಹೊರಗಿನ ಗಾಳಿ ಹೋಸನ್ನು ಅದುಮುತ್ತಿದೆ. ಕ್ಯಾಪ್ ತೆಗೆದು ಆ ತಗಡನ್ನು ಉಗುರಿನಿಂದ ಮೆಲ್ಲಗೆ ಎಳೆದು ನೋಡಿ, ಸಲೀಸಾಗಿ ಬಂದು ತಾನಾಗಿ ಹಿಂದೆ ಕೂರಬೇಕು. ಬೋರ್‌ವೆಲ್ ನೀರಿನ ಸುಣ್ಣ ಸುತ್ತ ಕಟ್ಟಿದ್ದರೆ ಕೆರೆದು ಸರಿಮಾಡಲು ಹೋಗದೆ ಕ್ಯಾಪನ್ನೇ ಬದಲಿಸಿ.

ಕ್ಯಾಪ್ ಸರಿಯಿದ್ದರೆ ಕತ್ತಿನಿಂದ ಬಾಟಲಿಗೆ ಹೋಗುವ ಸಣ್ಣ ಪೈಪ್ ನೋಡಿ. ಎಲ್ಲಾದರೂ ಮಡಚಿ ಮುಚ್ಚಿಕೊಂಡಿದ್ದರೂ ಇದೇ ತೊಂದರೆ. ಅದೇ ಪೈಪ್ ಮಡಚದೆ ಬಿರುಕು ಬಿಟ್ಟಿದ್ದರೆ, ಅಥವಾ ಬಾಟಲಿನೊಳಗೆ ಅದರ ತುದಿ ನೀರಿಗಿಂತ ಮೇಲಿದ್ದರೆ, ಹೋಸ್ ಚಪ್ಪಟೆಯಾಗುವುದಿಲ್ಲ. ನೀರಿನ ಬದಲು ಗಾಳಿ ಎಳೆದುಕೊಂಡು ರೇಡಿಯೇಟರ್ ದಿನೇ ದಿನೇ ಖಾಲಿಯಾಗುತ್ತದೆ, ಬಾಟಲ್ ಮಾತ್ರ ತುಂಬಿಯೇ ಇರುತ್ತದೆ. ಬಾಟಲ್ ನೋಡಿ ಸಮಾಧಾನ ಪಡುವವರು ಎಂಜಿನ್ ಸುಟ್ಟುಕೊಳ್ಳುವುದು ಹೀಗೆ. ವಾರಕ್ಕೊಮ್ಮೆ ತಣ್ಣಗಿರುವಾಗ ಕ್ಯಾಪನ್ನೇ ತೆಗೆದು ನೋಡುವುದು ಹಳೆ ಕಾರಿಗೆ ಒಳ್ಳೆಯದು.

ಹೊಸ ಕ್ಯಾಪ್ ಕೊಳ್ಳುವಾಗ ಹಳೆಯದನ್ನು ಪಕ್ಕದಲ್ಲಿಟ್ಟು ಹೋಲಿಸಿ. ಕೆಳಗಿನ ರಬ್ಬರಿನವರೆಗಿನ ಆಳ ಒಂದೇ ಇರಬೇಕು. ಆಳ ಕಡಿಮೆಯಿದ್ದರೆ ಸ್ಪ್ರಿಂಗ್ ಸರಿಯಾಗಿ ಒತ್ತುವುದಿಲ್ಲ, ಕ್ಯಾಪ್ ಮೇಲೆ 0.9 ಎಂದಿದ್ದರೂ 0.5ಕ್ಕೇ ನೀರು ಬಿಟ್ಟುಬಿಡುತ್ತದೆ. ಮೇಲಿನ ಅಂಚಿನಲ್ಲೂ ಒಂದು ರಬ್ಬರ್ ಇರಬೇಕು. ಅದಿಲ್ಲದ ಕ್ಯಾಪ್ ರಿಸರ್ವ್ ಬಾಟಲ್ ಇರುವ ಕಾರಿಗೆ ಆಗುವುದಿಲ್ಲ. ಬೆಳ್ತಂಗಡಿಯ ಓದುಗರೂ ತಮ್ಮ ಹೊಸ ಕ್ಯಾಪನ್ನು ಇದೇ ಕಣ್ಣಿನಿಂದ ಒಮ್ಮೆ ನೋಡಲಿ.

ಇಲ್ಲಿ ಬೇಸಿಗೆಯಲ್ಲಿ 42 ಡಿಗ್ರಿ ದಾಟುತ್ತದೆ. ನನ್ನ ಹಳೆ ಕಾರಿನ ಕ್ಯಾಪ್ 0.9ರದು. ಬದಲಿಗೆ 1.1 ಹಾಕಿದರೆ ನೀರು ತಡವಾಗಿ ಕುದಿಯುತ್ತದೆ ಎಂದು ಅಂಗಡಿಯವರು ಹೇಳಿದರು. ಹಾಕಲೇ?
ಓದುಗರು, ಕಲಬುರಗಿ

ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಪ್ರೆಶರ್ ಕುಕ್ಕರಿನ ತತ್ವವೇ ಅದು. ಲೆಕ್ಕ ಹಾಕಿ ನೋಡಿ: 0.9 ಕ್ಯಾಪಿನಡಿ ಬರೀ ನೀರು ಸುಮಾರು 118 ಡಿಗ್ರಿಗೆ ಕುದಿಯುತ್ತದೆ, 1.1ರಲ್ಲಿ 121ರ ಆಸುಪಾಸು. ಸಿಗುವುದು ಮೂರು-ನಾಲ್ಕು ಡಿಗ್ರಿ. ಅದಕ್ಕೆ ಪ್ರತಿಯಾಗಿ ಇಪ್ಪತ್ತು ವರ್ಷದ ಬೆಸುಗೆ, ಹೀಟರ್ ಕೋರ್ (ಕಾರಿನೊಳಗೆ ಬಿಸಿಗಾಳಿ ಕೊಡುವ ಸಣ್ಣ ರೇಡಿಯೇಟರ್), ಹೋಸುಗಳ ಮೇಲೆ ಕಾಲು ಪಾಲು ಹೆಚ್ಚು ಒತ್ತಡ ಹೇರುತ್ತೀರಿ. ಅರ್ಧಕ್ಕರ್ಧ ಕೂಲಂಟ್ ಹಾಕಿದರೆ, ಕ್ಯಾಪ್ ಮುಟ್ಟದೆಯೇ ಇದಕ್ಕಿಂತ ಹೆಚ್ಚು ಸಿಗುತ್ತದೆ. ಜತೆಗೆ ತುಕ್ಕೂ ತಡೆಯುತ್ತದೆ. ಬೆರೆಸಲು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಬಳಸಿ.

ಕುದಿಯುವ ಬಿಂದು ಏರಿಸುವುದರಿಂದ ಎಂಜಿನ್ ತಣ್ಣಗಾಗುವುದಿಲ್ಲ ಎನ್ನುವುದೂ ನೆನಪಿರಲಿ. 0.9ರಲ್ಲಿ ಕುದಿಯುವ ಕಾರಿನಲ್ಲಿ ಬೇರೆ ಯಾವುದೋ ದೋಷವಿದೆ. ಅದನ್ನು ಹುಡುಕಿ.

ಹಳೆಯ ಡೀಸೆಲ್ ಸುಮೊ. ಪ್ರೆಶರ್ ಟೆಸ್ಟರ್ ಹಾಕಿ ಅರ್ಧ ಗಂಟೆ ಬಿಟ್ಟರೂ ಮುಳ್ಳು ಇಳಿಯಲಿಲ್ಲ. ಆದರೂ ಲೋಡ್ ಹಾಕಿ ಹೊರಟರೆ ಐವತ್ತು ಕಿಲೋಮೀಟರಿಗೆ ಒಂದು ಲೀಟರ್ ನೀರು ಕಡಿಮೆಯಾಗಿರುತ್ತದೆ. ಖಾಲಿ ಓಡಿಸಿದರೆ ಏನೂ ಇಲ್ಲ.
ಓದುಗರು, ಶಿರಸಿ

ಟೆಸ್ಟರ್ ಪರೀಕ್ಷಿಸಿದ್ದು ಒಂದು ದಿಕ್ಕನ್ನು ಮಾತ್ರ, ಅಂದರೆ ನೀರಿನ ದಾರಿಯಿಂದ ಹೊರಕ್ಕೆ, ಅದೂ ಒಂದು ಕೆಜಿಗಿಂತ ಕಡಿಮೆ ಪ್ರೆಶರಿನಲ್ಲಿ. ಲೋಡ್ ಎಳೆಯುವಾಗ ಡೀಸೆಲ್ ಸಿಲಿಂಡರಿನೊಳಗೆ ಹತ್ತಾರು ಪಟ್ಟು ಹೆಚ್ಚು ಒತ್ತಡ ಇರುತ್ತದೆ. ಆ ಹೊಡೆತಕ್ಕೆ ಹೆಡ್ ಕೂದಲೆಳೆಯಷ್ಟು ಎದ್ದು, ಗ್ಯಾಸ್ ನೀರಿಗೆ ನುಗ್ಗಿ, ಮತ್ತೆ ಮುಚ್ಚಿಕೊಳ್ಳುತ್ತದೆ. ತಣ್ಣಗೆ ನಿಂತ ಎಂಜಿನ್ನಿನಲ್ಲಿ ಆ ದಾರಿ ಇರುವುದೇ ಇಲ್ಲ. ಹೆಡ್ಡಿನ ಸಣ್ಣ ಬಿರುಕೂ ಹೀಗೆಯೇ, ಕಾದಾಗ ಬಾಯಿ ಬಿಡುತ್ತದೆ.

ಹಾಗಾಗಿ ಲೋಡ್ ಹಾಕಿಯೇ ಪರೀಕ್ಷಿಸಬೇಕು. ಏರು ಹತ್ತಿಸಿ ತಂದು ನಿಲ್ಲಿಸಿ, ಎಂಜಿನ್ ಓಡುತ್ತಿರಲಿ, ಕ್ಯಾಪ್ ಮುಟ್ಟಬೇಡಿ. ರಿಸರ್ವ್ ಬಾಟಲಿನ ಮುಚ್ಚಳ ತೆಗೆದು ಪೈಪಿನ ತುದಿ ಗಮನಿಸಿ. ಒಂದೆರಡು ಗುಳ್ಳೆ ಬಂದು ನಿಂತರೆ ಚಿಂತೆಯಿಲ್ಲ. ರೇಸ್ ಕೊಟ್ಟಾಗಲೆಲ್ಲ ಸರಮಾಲೆಯಾಗಿ ಬಂದರೆ ಅದು ಗ್ಯಾಸ್. ಬ್ಲಾಕ್ ಟೆಸ್ಟರ್ ಬಳಸುವುದಾದರೆ ಡೀಸೆಲ್ ಐಡಲ್‌ನಲ್ಲಿ ಹೊಗೆಯ ಇಂಗಾಲದ ಡೈಆಕ್ಸೈಡ್ ಕಡಿಮೆ ಇರುವುದರಿಂದ ಬಣ್ಣ ಪೂರ್ತಿ ಹಳದಿಯಾಗದೆ ಹಸಿರಿಗೇ ನಿಲ್ಲಬಹುದು. ಹಸಿರನ್ನೂ ದೋಷವೆಂದೇ ಓದಿ. ಅದಕ್ಕೂ ಕ್ಯಾಪ್ ತೆಗೆಯಬೇಕಾದ್ದರಿಂದ ಹೋಸ್ ಮೆತ್ತಗಾಗುವವರೆಗೆ, ಕನಿಷ್ಠ ಮುಕ್ಕಾಲು ಗಂಟೆ ಕಾಯಬೇಕು. 110 ಡಿಗ್ರಿ ಇರುವ ನೀರು ಪ್ರೆಶರ್ ಬಿಟ್ಟ ಕ್ಷಣ ಹಬೆಯಾಗಿ ಮುಖಕ್ಕೆ ಹಾರುತ್ತದೆ, ಮೇಲೆ ಹಾಕಿದ ಬಟ್ಟೆ ಅದನ್ನು ತಡೆಯುವುದಿಲ್ಲ.

ಕಡಿಮೆಯಾದ ನೀರನ್ನು ದಾರಿಯಲ್ಲಿ ತುಂಬುವಾಗ ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ. ಇಲ್ಲದ ಬಿರುಕನ್ನು ತರಿಸಿಕೊಂಡಂತಾಗುತ್ತದೆ.

ಫೋರ್ಡ್ ಐಕಾನ್. ಕೂಲಂಟ್ ತಿಂಗಳಿಗೆ ಅರ್ಧ ಲೀಟರ್ ಕಡಿಮೆಯಾಗುತ್ತದೆ, ನೆಲದ ಮೇಲೆ ಒಂದು ಹನಿ ಇಲ್ಲ. ಮಳೆ ಬಂದಾಗ ಒಳಗಿನ ಗಾಜಿಗೆ ಜಿಡ್ಡಿನಂಥ ಮಂಜು ಹಿಡಿಯುತ್ತದೆ. ಸೋರಿಕೆ ನಿಲ್ಲಲು ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿ ಎಂದು ಒಬ್ಬರು ಹೇಳಿದ್ದಾರೆ.
ಓದುಗರು, ಬೆಂಗಳೂರು

ಅರಿಶಿನ ಅಡುಗೆಮನೆಯಲ್ಲೇ ಇರಲಿ. ನಡುದಾರಿಯಲ್ಲಿ ಸಿಕ್ಕಿಬಿದ್ದ ಲಾರಿಯವರು ಊರು ಮುಟ್ಟಲು ಹಾಕಿಕೊಂಡರೆ ಒಪ್ಪಬಹುದು. ಆ ಪುಡಿ ತೂತನ್ನು ಹುಡುಕಿಕೊಂಡು ಹೋಗುವುದಿಲ್ಲ, ಸಣ್ಣ ದಾರಿ ಎಲ್ಲಿದೆಯೋ ಅಲ್ಲೆಲ್ಲ ಕೂರುತ್ತದೆ. ಹೀಟರ್ ಕೋರಿನ ಟ್ಯೂಬುಗಳೇ ಎಲ್ಲಕ್ಕಿಂತ ಸಣ್ಣವು, ಆಮೇಲೆ ರೇಡಿಯೇಟರಿನವು.

ಜಿಡ್ಡಿನ ಮಂಜು ಹೀಟರ್ ಕೋರಿನ ಕಡೆ ಬೆರಳು ತೋರಿಸುತ್ತದೆ. ಹೀಟರ್ ಹಾಕಿದಾಗ ಸಿಹಿ ವಾಸನೆ ಬರುತ್ತದೆಯೇ ನೋಡಿ, ಮುಂದಿನ ಎಡಬದಿಯ ಸೀಟಿನ ಮ್ಯಾಟ್ ಎತ್ತಿ ಕೆಳಗಿನ ಪ್ಯಾಡಿಂಗ್ ಒತ್ತಿ ನೋಡಿ. ಏಸಿ ನೀರಾದರೆ ಒಣಗಿದ ಮೇಲೆ ಏನೂ ಉಳಿಯುವುದಿಲ್ಲ, ಕೂಲಂಟ್ ಆದರೆ ಬೆರಳಿಗೆ ಅಂಟುತ್ತದೆ. ಖಾತ್ರಿಗೆ, ಬಾನೆಟ್ ಕೆಳಗೆ ಹೀಟರಿಗೆ ಹೋಗುವ ಎರಡು ಹೋಸುಗಳನ್ನು ತಾತ್ಕಾಲಿಕವಾಗಿ ಒಂದಕ್ಕೊಂದು ಜೋಡಿಸಿ ಎರಡು ವಾರ ಓಡಿಸಿ. ಕೂಲಂಟ್ ಇಳಿಯದಿದ್ದರೆ ಉತ್ತರ ಸಿಕ್ಕಿತು. ಬೆಂಗಳೂರಿನ ಹವೆಗೆ ಹೀಟರ್ ಇಲ್ಲದೆಯೂ ಕಾಲ ಹಾಕಬಹುದು, ಡ್ಯಾಶ್‌ಬೋರ್ಡ್ ಬಿಚ್ಚುವ ಖರ್ಚನ್ನು ಅನುಕೂಲ ನೋಡಿ ಮಾಡಿದರಾಯಿತು.

ನಿಮ್ಮ ಕಾರಿನ ಬಾಟಲ್ ಮಾರುತಿಯದರಂತಲ್ಲ. ಪ್ರೆಶರ್ ಕ್ಯಾಪ್ ಬಾಟಲಿನ ಮೇಲೆಯೇ ಇದೆ, ಆದ್ದರಿಂದ ಬಾಟಲೂ ಪ್ರೆಶರಿನಲ್ಲಿರುತ್ತದೆ. ವಯಸ್ಸಾದಂತೆ ಪ್ಲಾಸ್ಟಿಕ್ ಹಳದಿಗಟ್ಟಿ, ಎರಡು ಭಾಗ ಸೇರುವ ಅಂಚಿನಲ್ಲಿ ಬಿರುಕು ಬಿಡುತ್ತದೆ. ಬಿಸಿಯಾದಾಗ ಅಲ್ಲಿಂದ ಹೊರಟ ಆವಿ ನೆಲ ಮುಟ್ಟುವ ಮೊದಲೇ ಆರಿಹೋಗುತ್ತದೆ, ಅಂಚಿನಲ್ಲಿ ಬಣ್ಣದ ಪುಡಿ ಮಾತ್ರ ಉಳಿಯುತ್ತದೆ. ಥರ್ಮೋಸ್ಟಾಟ್ ಹೌಸಿಂಗಿನ ಜೋಡಣೆಯಲ್ಲೂ ಅದೇ ಪುಡಿ ಹುಡುಕಿ. ಈ ಬಗೆಯ ಬಾಟಲಿಗೆ ಮ್ಯಾಕ್ಸ್ ಗೆರೆ ದಾಟಿ ತುಂಬಬಾರದು. ಹಿಗ್ಗಿದ ಕೂಲಂಟಿಗೆ ಮೇಲಿನ ಗಾಳಿಯೇ ಜಾಗ, ಬಾಯಿಯವರೆಗೆ ತುಂಬಿದರೆ ಮೊದಲ ಓಟದಲ್ಲೇ ಕ್ಯಾಪಿನಿಂದ ಹೊರಗೆ ತಳ್ಳುತ್ತದೆ, ನೀವು ಅದನ್ನೂ ಸೋರಿಕೆಯ ಲೆಕ್ಕಕ್ಕೆ ಸೇರಿಸುತ್ತೀರಿ. ಇನ್ನೊಂದು ಮಾತು: ಈ ಪರೀಕ್ಷೆಗಳಿಗೆ ಇಳಿಸಿದ ಕೂಲಂಟನ್ನು ಬಕೆಟ್ಟಿನಲ್ಲಿ ತೆರೆದಿಡಬೇಡಿ, ಚರಂಡಿಗೂ ಚೆಲ್ಲಬೇಡಿ. ರುಚಿ ಸಿಹಿಯಾದ್ದರಿಂದ ನಾಯಿ, ದನ ಕುಡಿಯುತ್ತವೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಮುಚ್ಚಳವಿರುವ ಕ್ಯಾನಿಗೆ ತುಂಬಿ, ಹಳೆ ಆಯಿಲ್ ಸಂಗ್ರಹಿಸುವ ಸರ್ವಿಸ್ ಸೆಂಟರಿನಲ್ಲಿ ಇದನ್ನೂ ತೆಗೆದುಕೊಳ್ಳುತ್ತಾರೆಯೇ ಕೇಳಿ ಕೊಡಿ.